ಸ್ವಂತ ಕೆಲಸಕ್ಕೆ ಬಳಸತಕ್ಕದ್ದಲ್ಲ

ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಗೋಡೆಗೆ ನಿಯಮಗಳ ಪಟ್ಟಿ ಅಂಟಿಸಿರುತ್ತಾರಲ್ಲ, ಅದನ್ನು ನಿಮ್ಮಲ್ಲಿ ಎಷ್ಟು ಜನ ಪೂರ್ತಿ ಓದಿದ್ದೀರಿ? ನಾನು ಓದಿದ್ದೇನೆ. ಓದದೆ ಬೇರೆ ದಾರಿ ಇರಲಿಲ್ಲ. ಬಿಇ ಮೊದಲ ವರ್ಷ ಒಂದು ಮಷಿನ್ನಿಗೆ ಮೂರು ಜನ ಕೂರುತ್ತಿದ್ದೆವು. ಕೀಬೋರ್ಡ್ ಒಬ್ಬನ ಕೈಯಲ್ಲಿ. ಇನ್ನೊಬ್ಬ ಅವನ ಭುಜದ ಮೇಲಿಂದ ಸ್ಕ್ರೀನ್ ನೋಡುತ್ತಿದ್ದ. ಮೂರನೆಯವನ ಪಾಲಿಗೆ ಉಳಿಯುತ್ತಿದ್ದದ್ದು ಗೋಡೆ.

ಒಟ್ಟು ಹದಿನಾಲ್ಕು ನಿಯಮ. ಎಲ್ಲವೂ ಇಂಗ್ಲಿಷಿನಲ್ಲಿ, ದೊಡ್ಡಕ್ಷರಗಳಲ್ಲಿ, ಲ್ಯಾಮಿನೇಶನ್ ಮಾಡಿದ್ದು. ಚಪ್ಪಲಿ ಹೊರಗೆ ಬಿಡಬೇಕು. ಲಾಗ್ ಬುಕ್ಕಿನಲ್ಲಿ ಸಹಿ ಹಾಕಬೇಕು. ಪೆನ್ ಡ್ರೈವ್ ತರಬಾರದು. ಆಟ ಆಡಬಾರದು. ಹೊಸ ಸಾಫ್ಟ್‌ವೇರ್ ಹಾಕಬಾರದು. ಬೇರೆಯವರ ಪಾಸ್‌ವರ್ಡ್ ಬಳಸಬಾರದು. ಲಿಸ್ಟಿನಲ್ಲಿ ಇಲ್ಲದ ಪ್ರೋಗ್ರಾಂ ಮಾಡಬಾರದು. ಕೊನೆಗೆ, ಎಲ್ಲಕ್ಕೂ ದಪ್ಪ ಅಕ್ಷರದಲ್ಲಿ, ಪರ್ಸನಲ್ ಯೂಸ್ ಸ್ಟ್ರಿಕ್ಟ್‌ಲಿ ಪ್ರೊಹಿಬಿಟೆಡ್. ನಮ್ಮ ಸರ್ಕಾರಿ ಕನ್ನಡದಲ್ಲಿ ಬರೆದಿದ್ದರೆ 'ಸ್ವಂತ ಕೆಲಸಕ್ಕೆ ಬಳಸತಕ್ಕದ್ದಲ್ಲ' ಅಂತ ಆಗುತ್ತಿತ್ತು.

ಇಷ್ಟು ವರ್ಷದ ಮೇಲೆ ಆ ಗೋಡೆ ನೆನಪಾಗಲು ಕಾರಣ ಒಂದು ಫೋನ್. ನನ್ನ ಕ್ಲಾಸ್‌ಮೇಟ್ ಒಬ್ಬ ಔರಾದ ತಾಲೂಕಿನ ಒಂದು ಕಾಲೇಜಿನಲ್ಲಿ ಉಪನ್ಯಾಸಕ. ಔರಾದ ಅಂದರೆ ಬೆಂಗಳೂರಿನವರಿಗೆ ಹೀಗೆ ಹೇಳಬೇಕಾಗುತ್ತದೆ: ಕರ್ನಾಟಕದ ನಕ್ಷೆಯ ತುತ್ತತುದಿಯಲ್ಲಿ ಬೀದರ್ ಜಿಲ್ಲೆ ಇದೆಯಲ್ಲ, ಆ ತುದಿಯ ತುದಿ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ನಾವು ಒಂದಿಷ್ಟು ಗೆಳೆಯರು ಸೇರಿ ಬೆಂಗಳೂರು, ಪುಣೆ, ಹೈದರಾಬಾದಿನಿಂದ ಇಪ್ಪತ್ತು ಹಳೆಯ ಕಂಪ್ಯೂಟರ್ ಕೂಡಿಸಿ ಆ ಕಾಲೇಜಿಗೆ ಕಳಿಸಿದ್ದೆವು. ಮಷಿನ್ ಬಂದವು, ಟೇಬಲ್ ಬಂದವು, ಯುಪಿಎಸ್ ಬಂತು. ಇನ್ನು ಉಳಿದದ್ದು ಗೋಡೆ. "ರೂಲ್ಸ್ ನೀನೇ ಬರ್ದು ಕಳ್ಸೋ. ನಿಮ್ ಕಂಪನ್ಯಾಗ ಇದೆಲ್ಲ ಇರ್ತದಲ್ಲ" ಅಂದ.

ಇರ್ತದೆ, ನಿಜ. ಕೆಲಸಕ್ಕೆ ಸೇರಿದ ದಿನ ನೀವೂ ಒಪ್ಪಿರುತ್ತೀರಿ. ನಲವತ್ತು ಪುಟದ ದಸ್ತಾವೇಜನ್ನು ಕೊನೆಯವರೆಗೂ ಸ್ಕ್ರೋಲ್ ಮಾಡಿ, ಓದಿ ಒಪ್ಪಿದ್ದೇನೆ ಅಂತ ಒತ್ತಿರುತ್ತೀರಿ. ಅಂಥ ಪಾಲಿಸಿಗಳಲ್ಲಿ ಎಲ್ಲೋ ಒಂದು ಕಡೆ ಸಾಮಾನ್ಯವಾಗಿ ಒಂದು ದಯೆಯ ಸಾಲು ಇರುತ್ತದೆ. ಕೆಲಸಕ್ಕೆ ತೊಂದರೆಯಾಗದಂತೆ ಮಿತವಾದ ಸ್ವಂತ ಬಳಕೆಗೆ ಅಡ್ಡಿಯಿಲ್ಲ ಅಂತ. ಆ ಸಾಲಿನ ಧೈರ್ಯದಲ್ಲೇ ನಾವು ಆಫೀಸ್ ಲ್ಯಾಪ್‌ಟಾಪಿನಲ್ಲಿ ಕರೆಂಟ್ ಬಿಲ್ ಕಟ್ಟುತ್ತೇವೆ, ಊರಿಗೆ ಬಸ್ ಟಿಕೆಟ್ ಬುಕ್ ಮಾಡುತ್ತೇವೆ, ಮ್ಯಾಟ್ರಿಮೊನಿ ಪ್ರೊಫೈಲ್ ನೋಡುತ್ತೇವೆ. ಮನೆಯಲ್ಲಿ ಇನ್ನೊಂದು ಲ್ಯಾಪ್‌ಟಾಪ್, ಕೈಯಲ್ಲಿ ಫೋನು ಇರುವ ನಮಗೆ ಈ ವಿನಾಯಿತಿ. ಜಗತ್ತಿನಲ್ಲಿ ಬೇರೆಲ್ಲೂ ಒಂದು ಕೀಬೋರ್ಡ್ ಇಲ್ಲದ ಹುಡುಗನಿಗೆ, ಅದೂ ಫೀಸು ಕಟ್ಟಿದವನಿಗೆ, ವಿನಾಯಿತಿ ಇಲ್ಲ. ನನ್ನ ತಲೆ ತಿನ್ನತೊಡಗಿದ್ದು ಇದು.

ನಾವು ಓದಿದ ಕಾಲೇಜಿನ ಹೆಸರು ಇಲ್ಲಿ ಬೇಡ. ನಮ್ಮ ಜಿಲ್ಲೆಯದೇ. ಬೇರೆ ಕಾಲೇಜಿನ ಗೆಳೆಯರನ್ನು ಕೇಳಿದರೂ ಹೆಚ್ಚುಕಮ್ಮಿ ಇದೇ ಲ್ಯಾಬನ್ನು ವರ್ಣಿಸುತ್ತಾರೆ. ಮಾನಿಟರಿಗೆ ಪ್ಲಾಸ್ಟಿಕ್ ಹೊದಿಕೆ, ಕಿಟಕಿಗೆ ಕಪ್ಪು ಪರದೆ, ಬಾಗಿಲಲ್ಲಿ ಚಪ್ಪಲಿಯ ರಾಶಿ. ಬೀದರಿನ ಕೆಂಪು ಧೂಳು ಒಳಗೆ ಬರಬಾರದು ಅನ್ನುವುದು ನ್ಯಾಯವೇ. ಆದರೆ ಬರಿಗಾಲಲ್ಲಿ, ದನಿ ತಗ್ಗಿಸಿ, ಯಾವುದನ್ನೂ ಮುಟ್ಟದೆ ಒಳಗೆ ಹೋಗುವ ಆ ರೀತಿ ನನಗೆ ನಮ್ಮ ಮನೆಯ ದೇವರ ಕೋಣೆಯನ್ನೇ ನೆನಪಿಸುತ್ತಿತ್ತು. (ದೇವರ ಕೋಣೆಯ ಹೊರಗೆ ಬಿಟ್ಟ ಚಪ್ಪಲಿ ಕಳುವಾಗುವುದಿಲ್ಲ, ಅಷ್ಟೇ ವ್ಯತ್ಯಾಸ.) ಎಸಿ ನಮಗಲ್ಲ, ಮಷಿನ್ನಿಗೆ ಅಂತ ಅಟೆಂಡರ್ ಕಾಕಾ ಮೊದಲ ದಿನವೇ ಹೇಳಿದ್ದರು.

ಭಾಲ್ಕಿ ತಾಲೂಕಿನ ಹಳ್ಳಿಯಿಂದ ಬಂದ ನಾನು ಕಂಪ್ಯೂಟರ್ ಮುಟ್ಟಿದ್ದೇ ಆ ಲ್ಯಾಬಿನಲ್ಲಿ. ಬೀದರ್ ಸಿಟಿಯ ಹುಡುಗರಲ್ಲಿ ಕೆಲವರ ಮನೆಯಲ್ಲಿ ಕಂಪ್ಯೂಟರ್ ಇತ್ತು. ಸಹಜವಾಗಿ ಕೀಬೋರ್ಡ್ ಅವರ ಕೈಗೆ ಹೋಗುತ್ತಿತ್ತು. ಅವರು ಕೆಟ್ಟವರೇನಲ್ಲ. ಬೇಗ ಟೈಪ್ ಮಾಡುತ್ತಿದ್ದರು, ಟೈಮಿನೊಳಗೆ ಔಟ್‌ಪುಟ್ ತೋರಿಸಬೇಕಿತ್ತು, ಅದಕ್ಕೇ. ಅಂದರೆ ಗೊತ್ತಿದ್ದವನಿಗೆ ಇನ್ನಷ್ಟು ಗೊತ್ತಾಗುತ್ತಿತ್ತು. ಈಗ ಅದೇ ಹದಿನಾಲ್ಕು ನಿಯಮವನ್ನು ಈ ಇಬ್ಬರ ತಲೆಯ ಮೇಲಿಟ್ಟು ನೋಡಿ. ಆಟ ಆಡಬಾರದು: ಸಿಟಿಯವನು ರಾತ್ರಿ ಮನೆಯಲ್ಲಿ ಆಡುತ್ತಾನೆ. ಹಳ್ಳಿಯವನಿಗೆ ಮೌಸ್ ಹಿಡಿದು ಒಂದು ವಸ್ತುವನ್ನು ಎಳೆದು ಬಿಡುವುದೇ ಬಾರದು. ವಿಂಡೋಸ್‌ನಲ್ಲಿ 1990ರಿಂದ ಬಂದ ಸಾಲಿಟೇರ್ ಇಸ್ಪೀಟಿನಾಟ ಲಕ್ಷಾಂತರ ಜನಕ್ಕೆ ಕಲಿಸಿದ್ದು ಅದನ್ನೇ, ಎಲೆಯನ್ನು ಎಳೆದು ಬಿಡುವುದನ್ನು. ಹೊಸ ಸಾಫ್ಟ್‌ವೇರ್ ಹಾಕಬಾರದು: ಸಿಟಿಯವನು ಮನೆಯಲ್ಲಿ ಹಾಕಿಕೊಳ್ಳುತ್ತಾನೆ. ನಾನು ಊರಿಗೆ ಒಂದು ಅರ್ಜಿಯನ್ನು ಕನ್ನಡದಲ್ಲಿ ಟೈಪ್ ಮಾಡಬೇಕೆಂದರೆ ನುಡಿಯೋ ಬರಹವೋ ಲ್ಯಾಬಿನ ಮಷಿನ್ನಿನಲ್ಲೇ ಇರಬೇಕು. ಇರಲಿಲ್ಲ. ಸಂಜೆ ನಾಲ್ಕೂವರೆ ಮೇಲೆ ಎಕ್ಸ್‌ಟ್ರಾ ಲ್ಯಾಬ್ ಇದೆ, ಯಾರು ಬೇಕಾದರೂ ಬನ್ನಿ: ನೋಡಲಿಕ್ಕೆ ಎಷ್ಟು ಉದಾರ! ಔರಾದ ಕಡೆಯ ಹುಡುಗ ಬೀದರಿಗೆ ಬಂದು, ಅಲ್ಲಿಂದ ನಲವತ್ತು ಕಿಲೋಮೀಟರ್ ಆಸುಪಾಸು ಬಸ್ಸಿನಲ್ಲಿ ಹೋಗಿ, ಔರಾದದಲ್ಲಿ ತನ್ನ ಹಳ್ಳಿಯ ಕೊನೇ ಬಸ್ ಹಿಡಿಯಬೇಕು. ಅವನಿಗೆ ನಾಲ್ಕೂವರೆಯ ಉದಾರತೆ ಯಾವ ಉಪಯೋಗಕ್ಕೆ?

ಒಂದೇ ನಿಯಮ, ಒಂದೇ ಗೋಡೆ, ಎಲ್ಲರಿಗೂ ಸಮಾನ. ಒಬ್ಬನಿಗೆ ಅದು ವಾರದಲ್ಲಿ ಮೂರು ತಾಸಿನ ಶಿಸ್ತು. ಇನ್ನೊಬ್ಬನಿಗೆ ಅದು ಕಂಪ್ಯೂಟರ್ ಅನ್ನುವ ಇಡೀ ವಸ್ತುವಿನ ಮೇಲಿನ ನಿಷೇಧ.

ಆ ಔರಾದ ಹುಡುಗನೇ ಈಗ ಫೋನ್ ಮಾಡಿದ ಉಪನ್ಯಾಸಕ. ಮೂರನೇ ಸೆಮಿಸ್ಟರಿನಲ್ಲಿ ನಡೆದದ್ದು ಹೇಳುತ್ತೇನೆ. ಅವನಪ್ಪ ತೊಗರಿ ಬೆಳೆಯುತ್ತಿದ್ದರು. ಅಡತ್ ಅಂಗಡಿಗೆ ಮಾಲು ಹಾಕಿದರೆ ಒಂದು ಪಟ್ಟಿ ಕೊಡುತ್ತಾರೆ. ಇಷ್ಟು ಚೀಲ, ಇಷ್ಟು ತೂಕ, ಚೀಲದ ತೂಕ ಇಷ್ಟು ಕಳೆ, ಹಮಾಲಿ ಇಷ್ಟು ಕಳೆ, ಅಡತ್ ಇಷ್ಟು ಕಳೆ, ಬಿತ್ತುವಾಗ ತಂದ ಮುಂಗಡ ಕಳೆ, ಅದರ ಬಡ್ಡಿ ಕಳೆ. ಕೊನೆಗೆ ಕೈಗೆ ಬರುವುದು ಇಷ್ಟು. ಆ ಪಟ್ಟಿಯ ಲೆಕ್ಕ ಅವನಪ್ಪನಿಗೆ ಯಾವತ್ತೂ ತಾಳೆಯಾದದ್ದಿಲ್ಲ. ಲ್ಯಾಬಿನಲ್ಲಿ ಅವತ್ತಿನ ಪ್ರೋಗ್ರಾಂ ಮುಗಿಸಿ ಔಟ್‌ಪುಟ್ ತೋರಿಸಿ ಸಹಿ ತಗೊಂಡ ಮೇಲೆ ಇವನ ಬಳಿ ನಲವತ್ತು ನಿಮಿಷ ಉಳಿದಿತ್ತು. ಟರ್ಬೊ ಸಿಯ ನೀಲಿ ಸ್ಕ್ರೀನಿನಲ್ಲಿ ಆ ಪಟ್ಟಿಯನ್ನು ಪ್ರೋಗ್ರಾಂ ಮಾಡತೊಡಗಿದ. ಅರೇ ಇತ್ತು, ಫಾರ್ ಲೂಪ್ ಇತ್ತು, ಅಪ್ಪ ಬರೆಸಿಕೊಟ್ಟ ಅಂಕಿ ಚೀಟಿಯಲ್ಲಿತ್ತು.

ಲ್ಯಾಬ್ ನೋಡಿಕೊಳ್ಳುವ ಸರ್ ಹಿಂದೆ ಬಂದು ನಿಂತರು. "ಇದು ಲಿಸ್ಟಿನಾಗ ಎಷ್ಟನೇ ಪ್ರೋಗ್ರಾಮ್ ತಮ್ಮಾ?"

"ಲಿಸ್ಟಿನಾಗ ಇಲ್ರಿ ಸರ್. ನಮ್ಮಪ್ಪಂದು ತೊಗರಿ ಪಟ್ಟಿ ಅದರಿ."

"ಮನಿ ಲೆಕ್ಕ ಮಾಡ್ಲಾಕ ಇದೇನು ಅಡತ್ ಅಂಗಡಿ ಅದಾ?"

ಇಡೀ ಲ್ಯಾಬ್ ನಕ್ಕಿತು. ಐಡಿ ಕಾರ್ಡ್ ಜಮಾ ಆಯಿತು, ಹದಿನೈದು ದಿನ ಲ್ಯಾಬಿಗೆ ಪ್ರವೇಶ ಇಲ್ಲ. ಇಂಟರ್ನಲ್ ಮಾರ್ಕ್ಸ್ ಎಷ್ಟು ಹೋಯಿತು ಅನ್ನುವುದು ಬೇರೆ ಮಾತು. ಅಡತ್ ಅಂಗಡಿಯ ಲೆಕ್ಕ ಸರಿಯಿತ್ತೋ ತಪ್ಪಿತ್ತೋ, ಅದು ಗೊತ್ತಾಗುವ ಮುಂಚೆ ಮಷಿನ್ ಬಂದ್.

ನಿಯಮ ಮುರಿದದ್ದು ನಿಜ, ಎರಡೆರಡು ನಿಯಮ. ಆದರೆ ಅವನು ಮಾಡಿದ್ದು ತಪ್ಪಾ?

ತಪ್ಪು ಅನ್ನುವವರು ಸಾಮಾನ್ಯವಾಗಿ ಒಂದು ಪ್ರಶ್ನೆ ಎಸೆಯುತ್ತಾರೆ: ಎಲ್ಲರೂ ಹಾಗೇ ಮಾಡಿದರೆ? ಒಳ್ಳೆ ಪ್ರಶ್ನೆ, ಹಳೆಯ ಪ್ರಶ್ನೆ. ಜರ್ಮನಿಯ ಕಾಂಟ್ ಇದರ ಮೇಲೆ ಒಂದು ನೀತಿಶಾಸ್ತ್ರವನ್ನೇ ಕಟ್ಟಿದ್ದ. ನೀನು ಯಾವ ಸೂತ್ರದಂತೆ ನಡೆಯುತ್ತೀಯೋ ಅದು ಎಲ್ಲರ ನಿಯಮವಾಗಬಲ್ಲದೇ ಅಂತ ನೋಡು ಅನ್ನುವುದು ಅವನ ಮಾತಿನ ತಾತ್ಪರ್ಯ. ಸಿನಿಮಾ ಡೌನ್‌ಲೋಡ್ ಮಾಡುವವನಿಗೆ ಈ ಪ್ರಶ್ನೆ ಸರಿಯಾಗಿ ತಾಗುತ್ತದೆ. ಇಡೀ ಕಾಲೇಜಿಗೆ ಒಂದೇ ಸಪೂರ ಲೈನ್ ಇದ್ದಾಗ ಒಬ್ಬ ಸಿನಿಮಾ ಇಳಿಸಿದರೂ ಪರೀಕ್ಷೆ ಫಾರ್ಮ್ ತುಂಬುವ ಕೊನೇ ದಿನ ಐವತ್ತು ಜನರ ಪೇಜ್ ತೆರೆಯುವುದಿಲ್ಲ. ಪೆನ್ ಡ್ರೈವ್ ತಂದವನಿಗೂ ತಾಗುತ್ತದೆ. ಆ ದಿನಗಳಲ್ಲಿ ಆಟೋರನ್ ವೈರಸ್ ಪೆನ್ ಡ್ರೈವಿನಿಂದಲೇ ಹಬ್ಬುತ್ತಿತ್ತು, 2008ರ ಕಾನ್‌ಫಿಕರ್ ನಮ್ಮ ವಯಸ್ಸಿನವರಿಗೆ ನೆನಪಿರಬೇಕು. ಒಬ್ಬನ ಡ್ರೈವ್ ಚುಚ್ಚಿದರೆ ಇಡೀ ಲ್ಯಾಬಿಗೆ ಜ್ವರ. ಆ ನಿಯಮಕ್ಕೆ ಕಾರಣ ಇತ್ತು. ಕಾರಣ ಹೇಳುವವರು ಮಾತ್ರ ಇರಲಿಲ್ಲ.

ಆದರೆ ಎಲ್ಲ ವಿದ್ಯಾರ್ಥಿಗಳೂ ತಮ್ಮ ಪಾಲಿನ ಕೆಲಸ ಮುಗಿಸಿ, ಉಳಿದ ನಲವತ್ತು ನಿಮಿಷದಲ್ಲಿ ಅಪ್ಪನ ತೊಗರಿ ಪಟ್ಟಿ, ಅವ್ವನ ಹಾಲಿನ ಲೆಕ್ಕ, ಸ್ವಸಹಾಯ ಸಂಘದ ಬಡ್ಡಿಯನ್ನು ಪ್ರೋಗ್ರಾಂ ಮಾಡತೊಡಗಿದರೆ ಏನಾಗುತ್ತಿತ್ತು? ಕಾಂಟ್ ಮಹಾಶಯನೇ ಬಂದು ಹಿಂದೆ ನಿಂತು ನೋಡಿದರೂ ಆ ಲ್ಯಾಬ್ ಕೆಟ್ಟಿತು ಅನ್ನಲಾರ. ನಮ್ಮ ಬ್ಯಾಚಿನಲ್ಲಿ ಸಿ ಭಾಷೆ ಯಾತಕ್ಕೆ ಅಂತ ಅರ್ಥ ಮಾಡಿಕೊಂಡವನು ಅವತ್ತಿಗೆ ಅವನೊಬ್ಬನೇ. ನಾವೆಲ್ಲ ಲ್ಯಾಬ್ ಎಕ್ಸಾಮಿನಲ್ಲಿ ಚೀಟಿ ಎತ್ತಿದಾಗ ಬರಬಹುದಾದ ಪ್ರೋಗ್ರಾಂಗಳನ್ನು ಸೆಮಿಕೋಲನ್ ಸಮೇತ ಬಾಯಿಪಾಠ ಮಾಡುತ್ತಿದ್ದೆವು.

ನಮ್ಮೂರಲ್ಲಿ ಕೂರಿಗೆ ಎಲ್ಲರ ಮನೆಯಲ್ಲೂ ಇರುತ್ತಿರಲಿಲ್ಲ. ಮಿರಗ ಮಳೆ ಬಿದ್ದ ಮೇಲೆ ಒಂದೇ ಕೂರಿಗೆ ನಾಲ್ಕು ಹೊಲ ತಿರುಗುತ್ತಿತ್ತು. ಅದಕ್ಕೂ ನಿಯಮ ಇದ್ದವು, ಯಾರೂ ಬರೆದಿರಲಿಲ್ಲ. ಹೇಳಿದ ಹೊತ್ತಿಗೆ ವಾಪಸ್ ತರಬೇಕು. ಮಣ್ಣು ತೆಗೆದು ಕೊಡಬೇಕು. ಎಲ್ಲಾದರೂ ಮುರಿದರೆ ಮುಚ್ಚಿಡದೆ ಹೇಳಬೇಕು. ಬಿತ್ತುವುದು ತಡವಾದವನಿಗೆ ಮೊದಲು ಬಿಡಬೇಕು. ಈ ಎಲ್ಲ ನಿಯಮಗಳೂ ಮುಂದಿನ ಹೊಲದವನ ಸಲುವಾಗಿ ಇದ್ದವು. ನೀನು ಅದರಲ್ಲಿ ಏನು ಬಿತ್ತುತ್ತೀ ಅಂತ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಯಾವಾಗ ತರ್ತೀ ಅಂತ ಕೇಳುತ್ತಿದ್ದರು.

ಹಳ್ಳಿಯನ್ನು ಹೊಗಳಲಿಕ್ಕೆ ಇದನ್ನು ಹೇಳುತ್ತಿಲ್ಲ. ಆ ಕೂರಿಗೆ ಯಾರ ಓಣಿಗೆ ಹೋಗುತ್ತಿತ್ತು, ಯಾರ ಓಣಿಗೆ ಹೋಗುತ್ತಿರಲಿಲ್ಲ ಅನ್ನುವುದು ಗೊತ್ತಿರುವವರಿಗೆ ಗೊತ್ತು. ಆದರೂ ಹಂಚಿಕೊಂಡು ಬಳಸುವ ವಸ್ತುವಿನ ನಿಯಮವನ್ನು ತೂಗಲು ಅಲ್ಲಿ ಒಂದು ತಕ್ಕಡಿ ಸಿಗುತ್ತದೆ. ನನ್ನ ನಂತರ ಬಂದು ಕೂರುವವನಿಗೆ ನನ್ನಿಂದ ಏನು ಕಡಿಮೆಯಾಯಿತು? ಗೋಡೆಯ ಮೇಲಿನ ಹದಿನಾಲ್ಕನ್ನೂ ಇದರಲ್ಲಿ ಇಟ್ಟು ನೋಡಿದೆ. ಐದಾರು ನಿಲ್ಲುತ್ತವೆ. ಉಳಿದವು ಯಾರ ಸಲುವಾಗಿ ಇದ್ದವು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿ ನನ್ನ ಗೆಳೆಯನ ಪರ ವಕಾಲತ್ತು ವಹಿಸುವಾಗಲೂ ಒಂದು ಎಚ್ಚರ ಬೇಕು. ಅಗತ್ಯ ನಿಜವಾಗಿದ್ದರೆ ಏನು ಮಾಡಿದರೂ ನಡೆಯುತ್ತದೆ ಅನ್ನುವ ಮಾತಲ್ಲ ಇದು. 1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಸಮಯ ಹಂಚಿಕೊಂಡು ಬಳಸುವ ವ್ಯವಸ್ಥೆ ಇತ್ತು, ಸಿಟಿಎಸ್ಎಸ್ ಅಂತ. ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡ್ ಕೊಡುವ ಪದ್ಧತಿ ಕಂಪ್ಯೂಟರಿಗೆ ಬಂದ ಮೊದಮೊದಲ ಜಾಗಗಳಲ್ಲಿ ಅದೊಂದು. ಅಲನ್ ಶೆರ್ ಅನ್ನುವ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ 4 ಗಂಟೆ ಸಿಗುತ್ತಿತ್ತು. ನಮಗಿಂತ ಒಂದೇ ಗಂಟೆ ಜಾಸ್ತಿ! ಅವನ ಪಿಎಚ್‌ಡಿ ಕೆಲಸಕ್ಕೆ ಅದು ಸಾಲುತ್ತಿರಲಿಲ್ಲ. ಒಂದು ಶುಕ್ರವಾರ ರಾತ್ರಿ ಪಾಸ್‌ವರ್ಡ್ ಫೈಲನ್ನೇ ಪ್ರಿಂಟ್ ಮಾಡುವಂತೆ ಕಾರ್ಡಿನಲ್ಲಿ ಕೋರಿಕೆ ಹಾಕಿದ, ಶನಿವಾರ ಬೆಳಿಗ್ಗೆ ಹೋಗಿ ಪ್ರಿಂಟ್ ಎತ್ತಿಕೊಂಡು ಬಂದ. ಬೇರೆಯವರ ಹೆಸರಿನಲ್ಲಿ ಲಾಗಿನ್ ಆಗಿ ಕೆಲಸ ಮುಂದುವರಿಸಿದ. ಅಷ್ಟಕ್ಕೇ ನಿಲ್ಲಲಿಲ್ಲ. ಪಟ್ಟಿ ಇನ್ನೂ ಕೆಲವರ ಕೈಗೆ ಹೋಯಿತು, ಅವರಲ್ಲೊಬ್ಬ ಲ್ಯಾಬಿನ ಮುಖ್ಯಸ್ಥರ ಅಕೌಂಟಿಗೆ ನುಗ್ಗಿ ಕಿಚಾಯಿಸುವ ಸಂದೇಶ ಬಿಟ್ಟುಬಂದ.

ಶೆರ್‌ನ ಹಸಿವು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಅವನು ತಿಂದದ್ದು ಬೇರೆಯವರ ತಟ್ಟೆಯಿಂದ. ಅವನು ಬಳಸಿದ ಪ್ರತಿ ಗಂಟೆ ಇನ್ನೊಬ್ಬರ ಲೆಕ್ಕದಲ್ಲಿ ಬರೆಯಲ್ಪಟ್ಟಿತ್ತು. ತೊಗರಿ ಪಟ್ಟಿ ಮಾಡಿದವನು ತನ್ನ ಹೆಸರಿನಲ್ಲಿ, ತನ್ನ ಪಾಲಿನ ಸಮಯದಲ್ಲಿ, ಎಲ್ಲರ ಕಣ್ಣೆದುರು ಮಾಡಿದ. ಕೇಳಿದಾಗ ಇದ್ದದ್ದು ಇದ್ದಂತೆ ಹೇಳಿದ. ಗೋಡೆಯ ಕಣ್ಣಿಗೆ ಇಬ್ಬರೂ ಒಂದೇ. ನಮ್ಮ ಕಣ್ಣಿಗೂ ಹಾಗೇ ಕಂಡರೆ ಕಷ್ಟ.

ಇನ್ನೊಬ್ಬರ ಹೆಸರಿನಲ್ಲಿ ಕೆಲಸ ಮಾಡುವುದು ಎಷ್ಟು ಘೋರವಾಗಬಹುದು ಅನ್ನುವುದಕ್ಕೆ ಬೀದರಿನವರು ಎಂಐಟಿಗೆ ಹೋಗಬೇಕಾಗಿಲ್ಲ. ಬಹಮನಿ ಸುಲ್ತಾನರ ಪ್ರಧಾನಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇವತ್ತಿಗೂ ಊರ ನಡುವೆ ನಿಂತಿದೆ, ಅರ್ಧ ಕುಸಿದಿದ್ದರೂ. ಮೂರು ಅಂತಸ್ತು, ವಿದ್ಯಾರ್ಥಿಗಳಿಗೆ ಅಲ್ಲೇ ವಾಸ, 3,000 ಹಸ್ತಪ್ರತಿಗಳಿದ್ದ ಗ್ರಂಥಾಲಯ ಅಂತ ಇತಿಹಾಸ ಹೇಳುತ್ತದೆ. ಆ ಮನುಷ್ಯನ ಪ್ರಾಣ ಹೋದದ್ದು ಹೇಗೆ ಗೊತ್ತಲ್ಲ? ಅವನ ವಿರೋಧಿಗಳು ಅವನ ಮುದ್ರೆ ಇಟ್ಟುಕೊಳ್ಳುವ ಸೇವಕನನ್ನು ಒಳಗೆ ಹಾಕಿಕೊಂಡು ಖಾಲಿ ಹಾಳೆಯ ಮೇಲೆ ಮುದ್ರೆ ಒತ್ತಿಸಿಕೊಂಡರು. ಆ ಹಾಳೆಯಲ್ಲಿ ಒಡಿಶಾದ ಗಜಪತಿ ರಾಜನಿಗೆ ದಂಡೆತ್ತಿ ಬಾ ಅಂತ ಕರೆಯುವ ಕಾಗದ ಬರೆದು ಸುಲ್ತಾನನಿಗೆ ತೋರಿಸಿದರು. ಮುದ್ರೆ ನನ್ನದೇ, ಕಾಗದ ನನ್ನದಲ್ಲ ಅಂದ ಗವಾನ್. ವಿಚಾರಣೆ ಇಲ್ಲ, 1481ರ ಏಪ್ರಿಲ್‌ನಲ್ಲಿ ತಲೆ ಹೋಯಿತು. ಪಾಸ್‌ವರ್ಡ್ ಹಂಚಬೇಡಿ ಅನ್ನುವ ನಿಯಮವನ್ನು ನಮ್ಮ ಜಿಲ್ಲೆಯ ಲ್ಯಾಬುಗಳಲ್ಲಿ ಈ ಕಥೆ ಹೇಳಿ ಕಲಿಸಿದ್ದರೆ ಯಾರೂ ಮರೆಯುತ್ತಿರಲಿಲ್ಲ ಅನ್ನಿಸುತ್ತದೆ. ನಮ್ಮಲ್ಲಿ ಆಗುತ್ತಿದ್ದದ್ದೇನು? ಅರ್ಧ ಕ್ಲಾಸಿನ ಪಾಸ್‌ವರ್ಡ್ ಅವರವರ ಯುಎಸ್ಎನ್ ನಂಬರೇ ಆಗಿರುತ್ತಿತ್ತು. ಅದಕ್ಕೆ ಯಾರಿಗೂ ಶಿಕ್ಷೆ ಇರಲಿಲ್ಲ. ಐಡಿ ಕಾರ್ಡ್ ಹೋದದ್ದು ತೊಗರಿ ಪಟ್ಟಿಯವನದು.

ಕಾನೂನು ಈ ವಿಷಯದಲ್ಲಿ ಗೋಡೆಗಿಂತ ಸ್ವಲ್ಪ ಮೇಲು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಮಾಲೀಕರ ಅಥವಾ ಕಂಪ್ಯೂಟರಿನ ಉಸ್ತುವಾರಿ ಇರುವವರ ಅನುಮತಿ ಇಲ್ಲದೆ ಮಾಡುವ ಕೆಲಸಗಳ ಪಟ್ಟಿ ಕೊಡುತ್ತದೆ. ಅದು ಅಪರಾಧವಾಗಿ ಜೈಲಿನ ಮಾತು ಬರುವುದು 66ನೇ ಕಲಮಿನಲ್ಲಿ. ಅಲ್ಲಿ ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿರಬೇಕು ಅನ್ನುವ ಷರತ್ತು ಇದೆ. ಅಂದರೆ ಮನಸ್ಸಿನಲ್ಲಿ ಏನಿತ್ತು ಅಂತ ಕಾನೂನು ಒಂದು ಸಲವಾದರೂ ಕೇಳುತ್ತದೆ. ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ 2021ರಲ್ಲಿ ವ್ಯಾನ್ ಬ್ಯೂರೆನ್ ಪ್ರಕರಣ ಬಂತು. ಜಾರ್ಜಿಯಾದ ಒಬ್ಬ ಪೊಲೀಸ್ ಸಾರ್ಜೆಂಟ್ ದುಡ್ಡಿನ ಆಸೆಗೆ ಇಲಾಖೆಯ ಕಂಪ್ಯೂಟರಿನಲ್ಲಿ ಒಬ್ಬ ಹೆಂಗಸಿನ ಗಾಡಿ ನಂಬರ್ ಹುಡುಕಿಕೊಟ್ಟಿದ್ದ. ಆ ಕಂಪ್ಯೂಟರ್ ಬಳಸಲು ಅವನಿಗೆ ಅನುಮತಿ ಇತ್ತು, ಈ ಕೆಲಸಕ್ಕೆ ಇರಲಿಲ್ಲ. ಇದು ಹ್ಯಾಕಿಂಗ್ ಕಾನೂನಿನಡಿ ಅಪರಾಧವೇ? ಅಲ್ಲ ಅಂತ 6-3ರ ಬಹುಮತದ ತೀರ್ಪು ಬಂತು. ಬಳಕೆಯ ಷರತ್ತು ಮೀರಿದ್ದೆಲ್ಲ ಅಪರಾಧ ಅಂದರೆ ಆಫೀಸ್ ಕಂಪ್ಯೂಟರಿನಲ್ಲಿ ಸ್ವಂತ ಇಮೇಲ್ ಕಳಿಸುವ, ಪೇಪರ್ ಓದುವ ಲಕ್ಷಾಂತರ ಜನ ಅಪರಾಧಿಗಳಾಗಿಬಿಡುತ್ತಾರೆ ಅನ್ನುವುದು ಕೋರ್ಟಿನ ಕಳವಳ. ಅಂದರೆ ನಾವೇ.

ಆ ತೀರ್ಪು ನನಗೆ ಹಿಡಿಸಿದ್ದು ಬೇರೆ ಕಾರಣಕ್ಕೆ. ಸಾರ್ಜೆಂಟ್ ಮಾಡಿದ್ದು ಕೆಟ್ಟ ಕೆಲಸ, ಅದರಲ್ಲಿ ಅನುಮಾನವೇ ಇಲ್ಲ. ಒಬ್ಬ ಹೆಂಗಸಿನ ಮಾಹಿತಿಯನ್ನು ಮಾರಲು ಹೊರಟವನು. ಆದರೂ ಕಂಪ್ಯೂಟರ್ ಕಾನೂನಿನ ಬಾಗಿಲು ಅವನಿಗೆ ತೆರೆದೇ ಇತ್ತು. ನನ್ನ ಗೆಳೆಯ ಯಾರಿಗೂ ಕೂದಲೆಳೆಯಷ್ಟು ಕೇಡು ಮಾಡಲಿಲ್ಲ, ಅವನಿಗೆ ಬಾಗಿಲು ಮುಚ್ಚಿತು. ಅನುಮತಿ ಇದ್ದದ್ದು ಮತ್ತು ಸರಿಯಾದದ್ದು, ಇವೆರಡೂ ಬೇರೆ ಬೇರೆ ಹಳಿಯ ಮೇಲೆ ಓಡುತ್ತವೆ. ದಿನಾ ಆಕ್ಸೆಸ್ ಕಂಟ್ರೋಲ್ ಬರೆಯುವ ನಮ್ಮಂಥ ಎಂಜಿನಿಯರುಗಳಿಗೆ ಇದನ್ನು ಒಪ್ಪುವುದು ಕಷ್ಟ. ನಮ್ಮ ಸಿಸ್ಟಂ ಬಿಟ್ಟರೆ ಸರಿ, ಬಿಡದಿದ್ದರೆ ತಪ್ಪು ಅನ್ನುವುದು ನಮ್ಮ ಕೈಗೆ ಅಂಟಿಬಿಟ್ಟಿದೆ.

ನಿಯಮದ ಭಾರ ಯಾರ ಮೇಲೆ ಬೀಳುತ್ತದೆ ಅಂತ ಕೇಳಿದ ಒಂದು ತೀರ್ಪು ನಮ್ಮ ಪಕ್ಕದ ಕೇರಳದಲ್ಲೇ ಇದೆ. 2019ರಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಹುಡುಗಿಯರ ಹಾಸ್ಟೆಲಿನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲ್ ಒಪ್ಪಿಸಬೇಕು ಅನ್ನುವ ನಿಯಮ ಇತ್ತು. ಫಹೀಮಾ ಶಿರಿನ್ ಅನ್ನುವ ವಿದ್ಯಾರ್ಥಿನಿ ಒಪ್ಪಿಸಲಿಲ್ಲ, ಹಾಸ್ಟೆಲ್ ಬಿಡಬೇಕಾಯಿತು. ಓದುವ ಹೊತ್ತಿಗೇ ಇಂಟರ್ನೆಟ್ ಕಿತ್ತುಕೊಂಡರೆ ಓದುವುದು ಹೇಗೆ ಅಂತ ಹೈಕೋರ್ಟಿಗೆ ಹೋದಳು. ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿ ಅವಳನ್ನು ವಾಪಸ್ ಸೇರಿಸಿಕೊಳ್ಳಲು ಆದೇಶಿಸಿತು. ಹಾಸ್ಟೆಲಿನವರ ಉದ್ದೇಶ ಕೆಟ್ಟದ್ದೆಂದು ನನಗನ್ನಿಸುವುದಿಲ್ಲ. ಹುಡುಗಿಯರು ಓದಲಿ ಅಂತಲೇ ಮಾಡಿದ್ದಿರಬೇಕು. ಓದುವುದು ಎಂದರೆ ಏನು ಅಂತ ಅವರ ತಲೆಯಲ್ಲಿ ಒಂದು ಚಿತ್ರ ಇತ್ತು, ಅವಳ ತಲೆಯಲ್ಲಿ ಇನ್ನೊಂದು.

ಇಷ್ಟೆಲ್ಲ ಯೋಚಿಸಿ ನಾನು ಆರೇ ಆರು ನಿಯಮ ಬರೆದೆ. ಕನ್ನಡದಲ್ಲಿ. ಪ್ರತಿಯೊಂದರ ಕೆಳಗೆ ಅದು ಯಾಕೆ ಅಂತ ಒಂದು ಸಾಲು. ಕಾಯುತ್ತಿರುವವರು ಇದ್ದರೆ ಪಾಲಿನ ಸಮಯ ಮುಗಿದ ಕೂಡಲೇ ಏಳಬೇಕು. ನಿಮ್ಮ ಹೆಸರಿನಲ್ಲೇ ಕೂರಬೇಕು. ಬೇರೆಯವರ ಫೈಲ್ ತೆರೆಯಬಾರದು. ಪೆನ್ ಡ್ರೈವ್ ಮೊದಲು ಬಾಗಿಲ ಬಳಿಯ ಮಷಿನ್ನಿನಲ್ಲಿ ಪರೀಕ್ಷೆಯಾಗಬೇಕು. ಕೆಟ್ಟರೆ ಹೇಳಬೇಕು. ಆರನೆಯದು: ಕಾಯುವವರು ಇಲ್ಲದಾಗ ಸ್ವಂತ ಕೆಲಸಕ್ಕೂ ಬಳಸಬಹುದು.

ಗೆಳೆಯ ಓದಿ ಅರ್ಧ ತಾಸಿನಲ್ಲಿ ಫೋನ್ ಮಾಡಿದ. ಖುಷಿಯಾಗಿರುತ್ತಾನೆ ಅಂದುಕೊಂಡಿದ್ದೆ.

"ಆರನೇದ್ದು ತೆಗಿ."

ನಾನು ತೊಗರಿ ಪಟ್ಟಿ ನೆನಪು ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, "ನಂಗ ನೆನಪಿಲ್ಲಂತ ತಿಳ್ಕೊಂಡಿ ಏನು? ಈಗ ಸ್ಟಾಕ್ ರಿಜಿಸ್ಟರ್ ನನ್ ಹೆಸರಿಲೆ ಅದ. ಇಪ್ಪತ್ತು ಮೌಸ್ ಬರ್ಕೊಂಡಾರ. ವರ್ಷದ ಕೊನಿಗಿ ಹತ್ತೊಂಬತ್ತು ಆದ್ರ ಒಂದು ನನ್ ಪಗಾರದಾಗ ಹಿಡೀತಾರ. ಒಂದ್ ಮಾನಿಟರ್ ಹೋಯ್ತಂದ್ರ ಏನ್ ಮಾಡ್ಲಿ? ನಮ್ ಸರ್‌ಗೂ ಹಿಂಗೇ ಇತ್ತೇನೋ."

ಉಳಿದ ಎಂಟು ನಿಯಮ ಯಾರ ಸಲುವಾಗಿ ಇದ್ದವು ಅಂತ ಮೇಲೆ ಕೇಳಿದ್ದೆನಲ್ಲ, ಇದೇ ಉತ್ತರ. ಅವು ಮುಂದೆ ಬಂದು ಕೂರುವವರ ಸಲುವಾಗಿ ಇರಲಿಲ್ಲ. ಸ್ಟಾಕ್ ರಿಜಿಸ್ಟರಿನ ಸಲುವಾಗಿ ಇದ್ದವು. ಮಷಿನ್ ಬಳಸದೆ ಇಟ್ಟು ಹಳತಾಗಿ ಹೋದರೆ ಆಡಿಟ್‌ನಲ್ಲಿ ಯಾರೂ ಕೇಳುವುದಿಲ್ಲ, ಬಳಸಿ ಕೆಟ್ಟರೆ ಕೇಳುತ್ತಾರೆ. ಅಂಥ ಲೆಕ್ಕದೊಳಗೆ ಕೂತವನು ಪ್ಲಾಸ್ಟಿಕ್ ಹೊದಿಕೆ ತೆಗೆಯುವುದಿಲ್ಲ. ಆ ದಿನ ಲ್ಯಾಬೆಲ್ಲ ನಕ್ಕಾಗ ಸರ್ ಮುಖದಲ್ಲಿ ನಗು ಇದ್ದಂತೆ ನನಗೆ ನೆನಪಿಲ್ಲ.

ಹುಡುಗರನ್ನು ನಂಬಿ ಅಂತ ಉಪದೇಶ ಮಾಡುವುದು ಬೆಂಗಳೂರಿನಲ್ಲಿ ಕೂತ ನನಗೆ ಸುಲಭ. ಕೆಟ್ಟರೆ ನನ್ನ ಸಂಬಳದಲ್ಲಿ ಹಿಡಿಯುವುದಿಲ್ಲ. ನಂಬುವ ಖರ್ಚನ್ನು ಆ ಕೋಣೆಯಲ್ಲಿ ಅತಿ ಕಡಿಮೆ ಪಗಾರ ತಗೊಳ್ಳುವವನ ಮೇಲೆ ಹಾಕಿ ಕೊನೆಗೆ ಅವನನ್ನೇ ಕ್ರೂರಿ ಅನ್ನುವುದು ಯಾವ ನ್ಯಾಯ? ಹಾಗಾಗಿ ಏಳನೆಯ ನಿಯಮ ಒಂದು ಸೇರಿಸಿದೆ. ಇದು ವಿದ್ಯಾರ್ಥಿಗಳಿಗಲ್ಲ, ಕಾಲೇಜಿಗೆ: ಬಳಕೆಯಲ್ಲಿ ಕೆಟ್ಟದ್ದನ್ನು ಯಾರ ಸಂಬಳದಿಂದಲೂ ವಸೂಲು ಮಾಡುವಂತಿಲ್ಲ. ಮಷಿನ್ ಕೊಟ್ಟ ಗೆಳೆಯರು ವರ್ಷಕ್ಕೆ ಇಷ್ಟು ಅಂತ ರಿಪೇರಿಗೆ ಎತ್ತಿಡಬೇಕು, ಅದು ಕಾಲೇಜಿನ ಖಾತೆಯಲ್ಲಿ ಬೇರೆಯಾಗಿ ಇರಬೇಕು. ಗುಂಪಿನಲ್ಲಿ ಹಾಕಿದಾಗ ನಮ್ಮ ಎಂಜಿನಿಯರ್ ಗೆಳೆಯರಲ್ಲಿ ಇಬ್ಬರು ಒಂದೇ ಸಲ ಕೇಳಿದರು: ದುಡ್ಡು ದುರುಪಯೋಗ ಆಗದಂತೆ ನೋಡಿಕೊಳ್ಳುವುದು ಹೇಗೆ, ಅದಕ್ಕೊಂದು ರೂಲ್ಸ್ ಮಾಡೋಣ?

ಪ್ರಿನ್ಸಿಪಾಲರು ಏಳನೆಯದಕ್ಕೆ ಇನ್ನೂ ಸಹಿ ಹಾಕಿಲ್ಲ. ಮ್ಯಾನೇಜ್‌ಮೆಂಟ್ ಮೀಟಿಂಗಿನಲ್ಲಿ ಇಡುತ್ತೇನೆ ಅಂದಿದ್ದಾರೆ. ಅದು ಪಾಸಾಗುವ ತನಕ ಆರನೆಯದನ್ನು ಗೋಡೆಗೆ ಹಾಕುವುದಿಲ್ಲ ಅಂತ ಗೆಳೆಯ ಪಟ್ಟು ಹಿಡಿದಿದ್ದಾನೆ, ನನಗೆ ಅವನ ಪಟ್ಟು ಸರಿ ಅನ್ನಿಸಿದೆ. ಆದರೆ ಆರನೆಯದು ಇಲ್ಲದೆ ಹೋದರೆ ಉಳಿದ ಐದೂ ಪೊಲೀಸ್ ಕೆಲಸ ಆಗುತ್ತವೆ ಅಂತ ನಾನೂ ಹೇಳುತ್ತಲೇ ಇದ್ದೇನೆ. ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಜಗಳವಿಲ್ಲದೆ ಒಪ್ಪಿದ್ದೇವೆ. ನಿಯಮಗಳು ಮರಾಠಿಯಲ್ಲೂ ಇರಬೇಕು, ಔರಾದ ಕಡೆ ಎಷ್ಟೋ ಮನೆಗಳಲ್ಲಿ ಮರಾಠಿಯೇ ಆಡುವುದು. ಮತ್ತೆ, ಲ್ಯಾಬ್ ತೆರೆದಿಡುವ ಹೊತ್ತನ್ನು ಕಾಲೇಜಿನ ಗಂಟೆ ನೋಡಿ ಇಡಬಾರದು. ಅವನು ಬಸ್‌ಸ್ಟ್ಯಾಂಡಿಗೆ ಹೋಗಿ ಹಳ್ಳಿ ಬಸ್ಸುಗಳ ಟೈಮ್ ಬರೆದುಕೊಂಡು ಬರುತ್ತೇನೆ ಅಂದಿದ್ದಾನೆ.